ಕಾಡುಬಾತಿನ ಬೇಟೆಗಾರ ಕರ್ನಲ್ ಪೀಟರ್ ಹಾಕರ್

ಕೋವಿಯ ವಿಷಯವಾಗಿ ಲೇಖನಿ ಹಿಡಿಯುವ ಅಧಿಕಾರ ನಮಗಿಲ್ಲವೆಂಬುದನ್ನು ಮೊದಲಲ್ಲಿಯೇ ಒಪ್ಪಿಕೊಳ್ಳುವುದು ಲೇಸು. ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಿ, ಇಡ್ಲಿಪಾತ್ರೆಯ ಹಬೆಯಲ್ಲಿ ಯೌವನವನ್ನು ಕಳೆದು, ತರುವಾಯ ಪತ್ರಿಕೆಯ ಮೇಜಿಗೆ ಬಂದವರು ನಾವು. ಹಕ್ಕಿಯೊಂದನ್ನು ಕೊಂದವರಲ್ಲ, ತಿಂದವರೂ ಅಲ್ಲ. ಆದರೆ ಊರಿನ ಮನೆಯ ಚಾವಡಿಯಲ್ಲಿ ಗೋಡೆಯ ಗೂಟಕ್ಕೆ ತೂಗಿಹಾಕಿದ್ದ ಕೇಪಿನ ಕೋವಿಯನ್ನು ಬಾಲ್ಯದಲ್ಲಿ ಕಣ್ಣರಳಿಸಿ ನೋಡದವರು, ಮಲೆನಾಡಿನಿಂದಾಗಲಿ ಕರಾವಳಿಯಿಂದಾಗಲಿ ಈ ಮುಂಬಯಿಗೆ ಬಂದ ನಮ್ಮವರಲ್ಲಿ ವಿರಳ. ಅಡಕೆಯ ತೋಟಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಹಿರಿಯರು ಅದನ್ನು ಕೆಳಗಿಳಿಸುತ್ತಿದ್ದರು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಚರೆ ತುಂಬಿ, ಗಜದಿಂದ ಗಿಡಿದು, ಕೊನೆಗೆ ಕುದುರೆಯ ಕೆಳಗೆ ತಾಮ್ರದ ಪುಟ್ಟ ಕೇಪನ್ನು ಕೂರಿಸುತ್ತಿದ್ದರು. ಆ ಕೇಪಿನ ಹುಟ್ಟಿಗೆ ಸಮುದ್ರದಾಚೆಯ ಶೀತದೇಶದ ಕಾಡುಬಾತುಗಳೇ ಕಾರಣವೆಂದರೆ ವಾಚಕರಿಗೆ ವಿಸ್ಮಯವಾಗಬಹುದು. ಆ ಬಾತುಗಳ ಬೆನ್ನುಹತ್ತಿ ಐವತ್ತು ಚಳಿಗಾಲಗಳನ್ನು ಕಳೆದ ಇಂಗ್ಲೆಂಡಿನ ಕರ್ನಲ್ ಪೀಟರ್ ಹಾಕರನ ಜೀವನವೃತ್ತಾಂತವನ್ನು ಇಂದು ನಿರೂಪಿಸುತ್ತೇವೆ.

ಹಾಕರನು 1786ರ ದಶಂಬರ 24ರಂದು ಲಂಡನಿನಲ್ಲಿ ಜನಿಸಿದನು. ಹ್ಯಾಂಪ್‌ಶೈರ್ ಪ್ರಾಂತದ ಲಾಂಗ್‌ಪ್ಯಾರಿಶ್ ಎಂಬ ಗ್ರಾಮದಲ್ಲಿ, ಟೆಸ್ಟ್ ನದಿಯ ದಂಡೆಯಲ್ಲಿ, ಆತನ ಮನೆತನದ ಭೂಮಿಕಾಣಿಯಿತ್ತು. ತಂದೆಯೂ ಸೈನ್ಯದಲ್ಲಿ ಕರ್ನಲ್ ಪದವಿಯಲ್ಲಿದ್ದವನು. ಈಟನ್ ಶಾಲೆಯಲ್ಲಿ ವಿದ್ಯಾಭ್ಯಾಸ ಮಾಡಿ, ಹದಿನೈದು ತುಂಬುವ ಮೊದಲೇ, 1801ರಲ್ಲಿ, ಹುಡುಗನು ಅಶ್ವದಳಕ್ಕೆ ಸೇರಿದನು. ಸಿರಿವಂತರ ಮಕ್ಕಳು ಹಣ ತೆತ್ತು ಸೈನ್ಯಾಧಿಕಾರವನ್ನು ಕೊಂಡುಕೊಳ್ಳುತ್ತಿದ್ದ ಕಾಲವದು. 1803ರಲ್ಲಿ ಹದಿನಾಲ್ಕನೆಯ ಲಘು ಅಶ್ವದಳಕ್ಕೆ ವರ್ಗವಾಗಿ, ಮರುವರ್ಷವೇ ಕ್ಯಾಪ್ಟನನಾದನು. ನೆಪೋಲಿಯನನು ಯುರೋಪನ್ನು ನಡುಗಿಸುತ್ತಿದ್ದ ದಿನಗಳು. ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳಲ್ಲಿ ಫ್ರೆಂಚರನ್ನು ಎದುರಿಸಲು ಹೊರಟ ಆಂಗ್ಲ ಸೈನ್ಯದಲ್ಲಿ ಈ ದಳವೂ ಇತ್ತು. ಆ ಸೈನ್ಯದ ದಂಡನಾಯಕನಾಗಿದ್ದ ಆರ್ಥರ್ ವೆಲ್ಲೆಸ್ಲಿಯು ಹತ್ತು ವರ್ಷಗಳ ಹಿಂದೆ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನೇ.

1809ರ ಜುಲೈ ಕೊನೆಯ ವಾರದಲ್ಲಿ ಸ್ಪೇನಿನ ತಲವೇರ ಎಂಬಲ್ಲಿ ಎರಡು ದಿನ ಘೋರ ಯುದ್ಧವಾಯಿತು. ಅಲ್ಲಿ ಹಾಕರನ ತೊಡೆಗೆ ಗುಂಡು ಹೊಕ್ಕಿತು. ಮೂಳೆಗೆ ಏಟು ತಗುಲಿ ಗಾಯ ಉಲ್ಬಣಿಸಿತು. ಆಗ ಆತನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಅರಿವಳಿಕೆಯಾಗಲಿ, ಗಾಯಕ್ಕೆ ನಂಜು ಏರದಂತೆ ಕಾಯುವ ಔಷಧವಾಗಲಿ ಇನ್ನೂ ಬಾರದಿದ್ದ ಆ ಕಾಲದಲ್ಲಿ ಇಂತಹ ಗಾಯವಾದವರು ಬದುಕಿ ಉಳಿಯುವುದೇ ದೊಡ್ಡದು. ಹಾಕರನು ಉಳಿದನು, ಆದರೆ ಸೈನಿಕನಾಗಿ ಉಳಿಯಲಿಲ್ಲ. ಆ ದಂಡಯಾತ್ರೆಯ ದಿನಚರಿಯನ್ನು 1810ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. 1811ರಲ್ಲಿ ಜೂಲಿಯಾ ಬಾರ್ಟ್‌ಲಾಟ್ ಎಂಬ ಕನ್ಯೆಯನ್ನು ವರಿಸಿದನು. ಗಾಯವು ಮರಮರಳಿ ಕೆರಳಿದ್ದರಿಂದ 1813ರಲ್ಲಿ ಸೈನ್ಯಕ್ಕೆ ರಾಜೀನಾಮೆಯಿತ್ತನು. ಆತನನ್ನು ಜಗತ್ತು ಕರೆಯುವ ಕರ್ನಲ್ ಎಂಬ ಬಿರುದು ರಣರಂಗದಿಂದ ಬಂದುದಲ್ಲ. ಮುಂದೆ ನಾಲ್ಕನೆಯ ವಿಲಿಯಂ ದೊರೆಯಾದ ರಾಜಕುಮಾರನ ಕೃಪೆಯಿಂದ ಊರಿನ ಕಾವಲುಪಡೆಯಲ್ಲಿ ದೊರೆತ ಪದವಿಯದು.

ಕುಳಿತು ಉಣ್ಣುವಷ್ಟು ಆಸ್ತಿಯುಳ್ಳ, ಆದರೆ ಕುಳಿತಿರಲಾರದ ಇಪ್ಪತ್ತಾರು ವರ್ಷದ ತರುಣನು ಇನ್ನೇನು ಮಾಡಬೇಕು? ಆ ವರ್ಗದ ಅನೇಕರು ಜೂಜಿಗೆ, ಮದಿರೆಗೆ, ಕುದುರೆಯ ಪಂದ್ಯಕ್ಕೆ ಬಲಿಯಾದರು. ಹಾಕರನನ್ನು ಉಳಿಸಿದ್ದು ಕೋವಿ ಎಂದು ನಮಗನಿಸುತ್ತದೆ. ಶರತ್ಕಾಲದಲ್ಲಿ ಆತ ಲಾಂಗ್‌ಪ್ಯಾರಿಶಿನ ಹೊಲಗಳಲ್ಲಿ ಕೌಜುಗಗಳನ್ನು ಹೊಡೆಯುತ್ತಿದ್ದನು. ಚಳಿ ಬಲಿತೊಡನೆ ದಕ್ಷಿಣ ತೀರದ ಕೀಹೇವನ್ ಎಂಬ ಹಳ್ಳಿಗೆ ಹೊರಟುಬಿಡುತ್ತಿದ್ದನು. ಅಲ್ಲಿ ಆತನದೊಂದು ಚಿಕ್ಕ ಮನೆ. ಎದುರಿಗೆ ಹರ್ಸ್ಟ್ ಕೋಟೆ, ಅದರಾಚೆ ವೈಟ್ ದ್ವೀಪ, ನಡುವೆ ಸಮುದ್ರದ ಕಿರಿದಾದ ಕವಲು. ಇಳಿತದ ಹೊತ್ತಿನಲ್ಲಿ ನೀರು ಹಿಂದಕ್ಕೆ ಸರಿದರೆ ಮೈಲುಗಟ್ಟಲೆ ಕೆಸರುಬಯಲು ತೆರೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಅಳಿವೆಗಳನ್ನು ಕಂಡವರಿಗೆ ಇದರ ಕಲ್ಪನೆ ಸುಲಭವಾಗಿ ಬಂದೀತು. ವ್ಯತ್ಯಾಸವೇನೆಂದರೆ ಅಲ್ಲಿ ಆ ಕೆಸರಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಆ ಕೆಸರಿನಲ್ಲಿ ಬೆಳೆಯುವ ಸಮುದ್ರದ ಹುಲ್ಲನ್ನು ಮೇಯಲು ಉತ್ತರ ಧ್ರುವದ ಕಡೆಯಿಂದ ವಿಜನ್ ಎಂಬ ಬಾತುಗಳೂ ಬ್ರೆಂಟ್ ಎಂಬ ಕರಿಯ ಹೆಬ್ಬಾತುಗಳೂ ಸಾವಿರಗಟ್ಟಲೆ ಬಂದಿಳಿಯುತ್ತವೆ. ಈ ವಿಜನ್ ಬಾತು ನಮಗೆ ತೀರ ಅಪರಿಚಿತವಲ್ಲ. ಚಳಿಗಾಲದಲ್ಲಿ ನಮ್ಮ ದೇಶದ ಕೆರೆಗಳಿಗೂ ಅದು ಅತಿಥಿಯಾಗಿ ಬರುತ್ತದೆ.

ಈ ಹಕ್ಕಿಗಳು ಬಹು ಎಚ್ಚರದವು. ಬಟ್ಟಬಯಲಾದ ಕೆಸರಿನಲ್ಲಿ ಮನುಷ್ಯನ ತಲೆ ಕಂಡರೆ ಸಾಕು, ಇಡೀ ಹಿಂಡು ಎದ್ದು ಹೋಗುತ್ತದೆ. ಹೆಗಲಿಗಿಟ್ಟು ಹೊಡೆಯುವ ಸಾಧಾರಣ ಕೋವಿಯ ಚರೆ ನಲವತ್ತು ಐವತ್ತು ಗಜದಾಚೆಗೆ ನಿಷ್ಫಲ. ಅದಕ್ಕಾಗಿ ಹುಟ್ಟಿಕೊಂಡದ್ದು ದೋಣಿಯ ಕೋವಿ. ಅದನ್ನು ಅರಿಯಲು ಬೋರಿನ ಲೆಕ್ಕವನ್ನು ಸ್ವಲ್ಪ ತಿಳಿಯಬೇಕು.

ಹನ್ನೆರಡು ಬೋರಿನ ಕೋವಿ ಎಂಬ ಮಾತನ್ನು ಊರಿನಲ್ಲಿ ಎಲ್ಲರೂ ಕೇಳಿದ್ದೇವೆ. ಆ ಹನ್ನೆರಡು ಏನೆಂದು ಬಲ್ಲವರು ಕಡಮೆ. ನಾವೂ ಬಹುಕಾಲ ಅದನ್ನು ಅಂಗುಲದ ಯಾವುದೋ ಅಂಶವೆಂದೇ ಭ್ರಮಿಸಿದ್ದೆವು. ಒಂದು ಪೌಂಡು ಸೀಸವನ್ನು ಕರಗಿಸಿ ಸಮನಾದ ಹನ್ನೆರಡು ಉರುಟು ಗುಂಡುಗಳನ್ನು ಎರೆದರೆ, ಅವುಗಳಲ್ಲೊಂದು ಯಾವ ನಳಿಗೆಯಲ್ಲಿ ಸರಿಯಾಗಿ ಕೂಡುವುದೋ ಅದು 12 ಬೋರು. ಇಪ್ಪತ್ತು ಗುಂಡು ಎರೆದರೆ 20 ಬೋರು. ಕಿಲೋ ಹಿಟ್ಟಿಗೆ ಎಷ್ಟು ಲಾಡು ಕಟ್ಟಿದೆವೆಂಬುದರಿಂದ ಲಾಡುವಿನ ಗಾತ್ರವನ್ನು ಹೇಳಿದ ಹಾಗೆ. ಆದುದರಿಂದ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು, ಸಂಖ್ಯೆ ಇಳಿದಷ್ಟೂ ಹಿರಿದು. 12 ಬೋರಿನ ನಳಿಗೆಯ ಒಳಗಲ ಸುಮಾರು ಹದಿನೆಂಟೂವರೆ ಮಿಲಿಮೀಟರು. ಜಗತ್ತಿನಲ್ಲಿ ಅತ್ಯಂತ ಬಳಕೆಯಲ್ಲಿರುವುದು ಇದೇ. 16, 28, 10 ಮೊದಲಾದವು ವಿರಳ. ಬಾತು ಹೊಡೆಯುವವರು ಒಂದು ಕಾಲಕ್ಕೆ 8 ಬೋರನ್ನೂ 4 ಬೋರನ್ನೂ ಹೆಗಲಿಗೇರಿಸುತ್ತಿದ್ದುದುಂಟು. ಇವುಗಳ ಒದೆತವನ್ನು ತಾಳಿಕೊಳ್ಳಲು ಗಟ್ಟಿ ಭುಜ ಬೇಕು.

ಹಾಕರನು 1820ರ ದಶಕದಲ್ಲಿ ಮಾಡಿಸಿದ ಮಹಾಕೋವಿಗೆ ಈ ಲೆಕ್ಕವೇ ಸಾಲದು. ಅದರ ನಳಿಗೆಯ ಒಳಗಲ ಸುಮಾರು ಒಂದೂವರೆ ಅಂಗುಲ. ಅದಕ್ಕೆ ಒಪ್ಪುವ ಸೀಸದ ಗುಂಡು ಒಂದೇ ಮುಕ್ಕಾಲು ಪೌಂಡಿನ ಹತ್ತಿರ ತೂಗೀತು. ಅಂತಹ ಎಂಟು ಅಡಿ ಉದ್ದದ ನಳಿಗೆಗಳು ಎರಡು, ಪಕ್ಕಪಕ್ಕದಲ್ಲಿ. ಅದರ ಒಟ್ಟು ತೂಕ 190 ಪೌಂಡಿಗೂ ಮಿಕ್ಕಿ, ಎಂದರೆ ಸುಮಾರು 86 ಕಿಲೋ. ಐವತ್ತು ಕಿಲೋ ಅಕ್ಕಿಯ ಮೂಟೆಯನ್ನು ಹೊರುವ ನಮ್ಮ ಹಮಾಲರು ಕೂಡ ಒಬ್ಬರೇ ಇದನ್ನು ಎತ್ತಲಾರರು. ಸಾಧಾರಣ ಕೋವಿಯ ಒಂದು ಈಡಿಗೆ ಒಂದು ಔನ್ಸಿಗಿಂತ ತುಸು ಹೆಚ್ಚು ಚರೆ ಸಾಕು. ಇದರ ಒಂದೊಂದು ನಳಿಗೆಗೂ ಸುಮಾರು ಒಂದು ಪೌಂಡು ಚರೆ ಬೇಕಾಗುತ್ತಿತ್ತು. ಇದನ್ನು ಚಪ್ಪಟೆ ತಳದ ಕಿರುದೋಣಿಯ ಮೂತಿಯಲ್ಲಿ ತಿರುಗಣೆಯ ಮೇಲೆ ಕೂರಿಸಿ, ಒದೆತದಿಂದ ದೋಣಿಯೇ ಸೀಳಿಹೋಗದಂತೆ ಸ್ಪ್ರಿಂಗುಗಳನ್ನು ಅಳವಡಿಸಿದ್ದರು.

ಅದರ ಚಮತ್ಕಾರವಿದ್ದುದು ಗಾತ್ರದಲ್ಲಲ್ಲ, ಬೆಂಕಿ ಹೊತ್ತುವ ಬಗೆಯಲ್ಲಿ. ಒಂದು ನಳಿಗೆಗೆ ಹಳೆಯ ಚಕಮಕಿ ಕಲ್ಲು, ಇನ್ನೊಂದಕ್ಕೆ ಹೊಸ ಕ್ರಮದ ಸಿಡಿಮದ್ದು. ಎರಡನ್ನೂ ಒಟ್ಟಿಗೇ ಎಳೆದರೆ ಸಿಡಿಮದ್ದಿನದು ತತ್‌ಕ್ಷಣ ಹಾರಿ, ನೀರಿನ ಮೇಲೆ ಕುಳಿತ ಹಕ್ಕಿಗಳಿಗೆ ತಗುಲುತ್ತಿತ್ತು. ಕಲ್ಲಿನದು ಕಣ್ಣೆವೆಯಿಕ್ಕುವಷ್ಟು ತಡವಾಗಿ ಹಾರಿ, ಸದ್ದಿಗೆ ಬೆದರಿ ರೆಕ್ಕೆ ಬಿಚ್ಚಿದವುಗಳಿಗೆ ತಗುಲುತ್ತಿತ್ತು. ಹಳತರ ನಿಧಾನವೆಂಬ ದೋಷವನ್ನೇ ಗುಣವನ್ನಾಗಿ ಮಾಡಿಕೊಂಡ ಈ ಯುಕ್ತಿಯನ್ನು ಓದಿದಾಗ, ಆತನ ಬುದ್ಧಿಗೆ ತಲೆದೂಗುವುದೋ ಹಕ್ಕಿಗಳ ಪಾಡಿಗೆ ಮರುಗುವುದೋ ನಮಗೆ ತಿಳಿಯದಾಯಿತು.

ಬೇಟೆಯ ಕ್ರಮವನ್ನು ಕೇಳಿದರೆ ಅದು ಶ್ರೀಮಂತರ ವಿನೋದವೆಂದು ಯಾರೂ ಹೇಳಲಾರರು. ಮಾಘದ ಚಳಿಗಿಂತ ಎಷ್ಟೋ ಪಾಲು ಕಠಿನವಾದ ರಾತ್ರಿಯಲ್ಲಿ, ಬೆಳದಿಂಗಳನ್ನೂ ಉಬ್ಬರವಿಳಿತದ ವೇಳೆಯನ್ನೂ ಲೆಕ್ಕಹಾಕಿ ಹೊರಡಬೇಕು. ದೋಣಿಯ ಅಂಚು ನೀರಿಗಿಂತ ಕೆಲವೇ ಅಂಗುಲ ಎತ್ತರ. ಅದರಲ್ಲಿ ಬೋರಲಾಗಿ ಮಲಗಿ, ಪಕ್ಕದಿಂದ ಕೈಚಾಚಿ ಗಿಡ್ಡ ಕೋಲುಗಳಿಂದ ಸದ್ದಿಲ್ಲದೆ ನೂಕುತ್ತ, ದೂರದಲ್ಲಿ ಕರಿಯ ಗೆರೆಯಂತೆ ಕಾಣುವ ಹಿಂಡಿನತ್ತ ಗಂಟೆಗಟ್ಟಲೆ ತೆವಳಬೇಕು. ಕೆಮ್ಮುವಂತಿಲ್ಲ. ಬಟ್ಟೆ ನೆನೆದು ಮೈಮೇಲೇ ಗಟ್ಟಿಯಾಗುತ್ತದೆ. ಗಾಳಿ ತಿರುಗಿದರೆ ದೋಣಿ ಮಗುಚುವ ಭಯ, ನೀರು ಇಳಿದರೆ ಕೆಸರಿನಲ್ಲಿ ಸಿಕ್ಕಿಬೀಳುವ ಭಯ. ಇಷ್ಟೆಲ್ಲವಾಗಿ ಹಕ್ಕಿಗಳು ಎದ್ದುಹೋದರೆ ಬರಿಗೈ. ಗುಂಡು ಹಾರಿಸಿದ ಮೇಲೂ ಮುಗಿಯಲಿಲ್ಲ. ಗಾಯಗೊಂಡ ಹಕ್ಕಿಗಳನ್ನು ಕೆಸರಿನಲ್ಲಿ ಬೆನ್ನಟ್ಟಿ ಹಿಡಿಯಬೇಕು. ಕೀಹೇವನಿನಂತಹ ಊರುಗಳ ಬಡವರು ಇದನ್ನು ಹೊಟ್ಟೆಯ ಪಾಡಿಗಾಗಿ ಮಾಡುತ್ತಿದ್ದರು, ಹೊಡೆದದ್ದನ್ನು ಪೇಟೆಗೆ ಮಾರುತ್ತಿದ್ದರು. ಹಾಕರನಿಗೆ ಆ ಅನಿವಾರ್ಯವಿರಲಿಲ್ಲ. ಆದರೂ ಜ್ವರದಿಂದ ಎದ್ದ ಮರುದಿನವೇ ದೋಣಿಗೆ ಇಳಿಯುವ ಹುಚ್ಚು ಅವನದು. ತಲವೇರದಲ್ಲಿ ಮುರಿದ ಮೈಗೆ ಬೋರಲು ಮಲಗಿ ಕಾಯುವ ಈ ಯುದ್ಧವು ಇನ್ನೊಂದು ರಣರಂಗವಾಗಿ ಒದಗಿತೆಂದು ನಮ್ಮ ಊಹೆ. ನಾಲ್ಕು ಗಂಟೆಯ ಚಳಿಯಲ್ಲಿ ಹಾಸಿಗೆ ಬಿಟ್ಟೇಳುವ ಕಷ್ಟವನ್ನು ನಾವೂ ಬಲ್ಲೆವು, ಆದರೆ ನಮಗೆ ಎದುರಿಗೆ ಒಲೆಯಿರುತ್ತಿತ್ತು.

ಇನ್ನು ಕೇಪಿನ ಸಂಗತಿ. ಸ್ಕಾಟ್ಲೆಂಡಿನ ಬೆಲ್ಹೆಲ್ವಿ ಎಂಬಲ್ಲಿ ಅಲೆಕ್ಸಾಂಡರ್ ಫಾರ್ಸೈತ್ ಎಂಬ ಪಾದ್ರಿಯಿದ್ದನು. ಅವನಿಗೂ ನೀರುಹಕ್ಕಿಗಳ ಬೇಟೆಯ ಚಟ. ಚಕಮಕಿ ಕೋವಿಯ ಬಟ್ಟಲಿನಲ್ಲಿ ಮದ್ದು ಭುಗ್ಗೆಂದ ಕೂಡಲೇ ಹಕ್ಕಿಗಳು ಆ ಬೆಳಕನ್ನು ಕಂಡು, ಚರೆ ತಲುಪುವ ಮೊದಲೇ ನೀರಿನಲ್ಲಿ ಮುಳುಗಿಬಿಡುತ್ತಿದ್ದವು. ಈ ಪರಾಜಯದಿಂದ ರೋಸಿದ ಪಾದ್ರಿಯು, ಏಟು ಬಿದ್ದೊಡನೆ ತಾನಾಗಿ ಸಿಡಿಯುವ ಮದ್ದನ್ನು ಕೋವಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರ ಪಡೆದನು. ಆ ಸಿಡಿಮದ್ದನ್ನು ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಇಡುವ ಉಪಾಯವನ್ನು ಮೊದಲು ಕಂಡವರಾರೆಂಬುದಕ್ಕೆ ಹಲವು ಹಕ್ಕುದಾರರು. ಅಮೆರಿಕೆಗೆ ಹೋಗಿ ನೆಲಸಿದ ಜೋಶುವಾ ಷಾ ಅವರಲ್ಲೊಬ್ಬ. ತಾನು ನಕ್ಷೆ ಬರೆದುಕೊಟ್ಟು ಒತ್ತಾಯಿಸಿದ್ದರಿಂದಲೇ ಲಂಡನಿನ ಜೋಸೆಫ್ ಮ್ಯಾಂಟನನು ಅದನ್ನು ತಯಾರಿಸಿದನೆಂದು ಹಾಕರನೂ ಸಾಧಿಸುತ್ತಿದ್ದನು. ಈ ವ್ಯಾಜ್ಯದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಊರಿನ ಚಾವಡಿಯ ಕೋವಿಯ ವಂಶಾವಳಿಯಲ್ಲಿ ಒಬ್ಬ ಪಾದ್ರಿಯೂ ಕೆಲವು ಬಾತುಗಳೂ ಇವೆಯೆಂಬುದಷ್ಟೇ ನಮಗೆ ಮುಖ್ಯ.

ಮ್ಯಾಂಟನನ ಹೆಸರು ಬಂದುದರಿಂದ ಅವನ ವಿಷಯವನ್ನೂ ಹೇಳಲೇಬೇಕು. ಆ ಕಾಲದ ಕೋವಿಗಾರರಲ್ಲಿ ಅವನಿಗೆ ಸಮಾನರಿಲ್ಲ. ಮುಂದೆ ನಮ್ಮ ಮಹಾರಾಜರುಗಳ ಅರಮನೆಗಳವರೆಗೂ ಖ್ಯಾತಿ ಪಡೆದ ಪರ್ಡಿ ಕೋವಿಗಳ ಮೂಲಪುರುಷನು ಕೆಲಸ ಕಲಿತದ್ದು ಅವನ ಕಾರ್ಖಾನೆಯಲ್ಲಿ. ಅದೇ ಮನೆತನದ ಹೆಸರಿನಲ್ಲಿ ಕಲ್ಕತ್ತೆಯಲ್ಲಿಯೂ ಕೋವಿಯ ಅಂಗಡಿಯೊಂದು ನಡೆಯಿತು. ಇಷ್ಟಾದರೂ ಕೈಚಳಕವಿದ್ದವನಿಗೆ ಲೆಕ್ಕದ ಚಳಕವಿರಲಿಲ್ಲ. ಕೋರ್ಟು ಕಚೇರಿಗಳ ಖರ್ಚಿನಿಂದ ಸೋತು 1826ರಲ್ಲಿ ದಿವಾಳಿಯೆದ್ದನು. ಗಿರಾಕಿ ತುಂಬಿರುವ ಹೋಟೆಲು ಬಾಗಿಲು ಹಾಕಿದ್ದನ್ನು ಕಂಡ ನಮಗೆ ಇದು ಆಶ್ಚರ್ಯವಲ್ಲ. 1835ರಲ್ಲಿ ಮ್ಯಾಂಟನನು ತೀರಿಕೊಂಡಾಗ ಗೋರಿಯ ಕಲ್ಲಿನ ಮೇಲಿನ ಬರಹವನ್ನು ರಚಿಸಿಕೊಟ್ಟವನು ಹಾಕರನೇ. ಲಂಡನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಆ ಗೋರಿಯಿದೆ. ಗಿರಾಕಿಯೊಬ್ಬನು ಅಂಗಡಿಯವನ ಚರಮವಾಕ್ಯ ಬರೆದ ಉದಾಹರಣೆ ನಮಗೆ ಬೇರೆ ಕಂಡಿಲ್ಲ.

ಹಾಕರನ ಕೀರ್ತಿಗೆ ಕಾರಣವಾದುದು ಎಳೆಯ ಬೇಟೆಗಾರರಿಗೆಂದು 1814ರಲ್ಲಿ ಪ್ರಕಟಿಸಿದ ಉಪದೇಶಗ್ರಂಥ. ಕೋವಿಯನ್ನು ಕೊಳ್ಳುವುದು, ತೊಳೆಯುವುದು, ದೋಣಿ ಕಟ್ಟಿಸುವುದು, ಕಾಲಿಗೆ ನೀರು ಹೋಗದ ಬೂಟು ಹೊಲಿಸುವುದು, ಎಲ್ಲವನ್ನೂ ತಾನು ಮಾಡಿನೋಡಿದವನ ಧೈರ್ಯದಿಂದ ಬರೆದಿದ್ದಾನೆ. ಪ್ರತಿ ಆವೃತ್ತಿಯಲ್ಲಿಯೂ ತಿದ್ದುತ್ತಲೇ ಹೋದನು. 1844ರ ಹೊತ್ತಿಗೆ ಒಂಬತ್ತು ಆವೃತ್ತಿಗಳಾದವು. 1846ರಲ್ಲಿ ಅಮೆರಿಕೆಯಲ್ಲಿಯೂ ಅಚ್ಚಾಯಿತು. ಆತ ತೀರಿಕೊಂಡ ಮೇಲೆ, 1859ರಲ್ಲಿ, ಮಗನು ಹನ್ನೊಂದನೆಯ ಆವೃತ್ತಿಯನ್ನು ಹೊರತಂದನು.

ಇದೇ ಮನುಷ್ಯನಿಗೆ ಸಂಗೀತದ ಹುಚ್ಚೂ ಇತ್ತೆಂದರೆ ನಂಬುವುದು ಕಷ್ಟ. ಲಂಡನಿನಲ್ಲಿದ್ದಾಗ ಗಾನಸಭೆಗಳನ್ನು ತಪ್ಪಿಸುತ್ತಿರಲಿಲ್ಲ. ಪಿಯಾನೋ ಕಲಿಯುವವರ ಕೈಯನ್ನು ಮಣೆಯ ಮೇಲೆ ಸರಿಯಾದ ಭಂಗಿಯಲ್ಲಿ ನಿಲ್ಲಿಸುವ ಅಚ್ಚೊಂದನ್ನು ಕಲ್ಪಿಸಿ 1820ರಲ್ಲಿ ಅದಕ್ಕೂ ಹಕ್ಕುಪತ್ರ ಪಡೆದನು. ರಾತ್ರಿಯೆಲ್ಲ ಮಂಜಿನಲ್ಲಿ ಮರಗಟ್ಟಿದ ಬೆರಳುಗಳೇ ಹಗಲು ಪಿಯಾನೋ ನುಡಿಸಿದವು.

ಹದಿನಾರನೆಯ ವಯಸ್ಸಿನ ಹೊತ್ತಿಗೆ, 1802ರಲ್ಲಿ, ಆರಂಭಿಸಿದ ದಿನಚರಿಯನ್ನು 1853ರವರೆಗೂ ನಡೆಸಿಕೊಂಡುಬಂದುದು ಹಾಕರನ ಇನ್ನೊಂದು ಸಾಹಸ. ನಾವು ಹೋಟೆಲು ನಡೆಸಿದವರು. ಕಿರ್ದಿ ಖಾತೆಯನ್ನು ಒಂದು ವಾರ ಬಿಟ್ಟರೆ ಏನಾಗುವುದೆಂದು ಬಲ್ಲೆವು. ಈತ ಐವತ್ತೊಂದು ವರ್ಷ ಬಿಡಲಿಲ್ಲ. ಹವೆ, ಗಾಳಿ, ಕಾಯಿಲೆ, ಹೊಡೆದ ಹಕ್ಕಿ, ತಪ್ಪಿದ ಹಕ್ಕಿ, ಎಲ್ಲಕ್ಕೂ ಅಲ್ಲಿ ಲೆಕ್ಕವಿದೆ. ಬೇಟೆಯ ಒಟ್ಟು ಮೊತ್ತ 17,753. ವರ್ಷಕ್ಕೆ ಸರಾಸರಿ ಮುನ್ನೂರೈವತ್ತರಷ್ಟು. ಇಷ್ಟೊಂದು ಪ್ರಾಣಗಳೇ ಎಂದು ನಮ್ಮ ಮನಸ್ಸು ಮೊದಲು ಹಿಂಜರಿಯಿತು. ಆದರೆ ತರುವಾಯದವರ ಲೆಕ್ಕವನ್ನು ಪಕ್ಕದಲ್ಲಿಟ್ಟಾಗ ಇದು ಬಡವನ ಜೋಳಿಗೆಯಂತೆ ಕಂಡಿತು. ನಮ್ಮ ದೇಶಕ್ಕೆ ವೈಸರಾಯನಾಗಿ ಬಂದು ಜನಪ್ರಿಯನಾಗಿದ್ದ ಲಾರ್ಡ್ ರಿಪ್ಪನನ ಮಗನು, 1923ರಲ್ಲಿ ಸಾಯುವ ಹೊತ್ತಿಗೆ, ಐದೂವರೆ ಲಕ್ಷಕ್ಕೂ ಮಿಕ್ಕಿ ಹಕ್ಕಿ ಮೃಗಗಳನ್ನು ಹೊಡೆದಿದ್ದನು. ಭರತಪುರದ ಕೆರೆಯಲ್ಲಿ 1938ರ ನವಂಬರ 12ರಂದು ವೈಸರಾಯ್ ಲಿನ್ಲಿತ್‌ಗೋವಿನ ತಂಡವು ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಉರುಳಿಸಿದ್ದು ಅಲ್ಲಿಯ ಕಲ್ಲಿನಲ್ಲಿ ಕೆತ್ತಿದೆ. ಹಾಕರನು ಅರ್ಧ ಶತಮಾನ ಕೆಸರಿನಲ್ಲಿ ಹೊರಳಿ ಗಳಿಸಿದುದರ ಕಾಲು ಪಾಲಿನಷ್ಟನ್ನು ಇವರು ಊಟದ ವೇಳೆಗಳ ನಡುವೆ ಮುಗಿಸಿದರು. ತೋಟೆ ಕೋವಿ ಬಂದ ಮೇಲೆ ಕೊಲ್ಲುವುದಕ್ಕೆ ತಾಳ್ಮೆಯೇ ಬೇಡವಾಯಿತು.

ಇಲ್ಲಿ ಇನ್ನೊಬ್ಬ ಆಂಗ್ಲನ ನೆನಪು ಬರುತ್ತದೆ. 1885ರಲ್ಲಿ ಇದೇ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನವನ್ನು ಕೂಡಿಸಿದ ಎ. ಓ. ಹ್ಯೂಮನೂ ಬಾತುಗಳ ಬೇಟೆಗಾರನೇ. ಭಾರತದ ಬೇಟೆಹಕ್ಕಿಗಳ ಮೇಲೆ ಮಾರ್ಷಲನೊಡನೆ ಮೂರು ಸಂಪುಟಗಳನ್ನು ಬರೆದವನು. ಮುಂದೆ ಥಿಯಾಸಫಿಯ ಪ್ರಭಾವದಿಂದ ಮಾಂಸಾಹಾರವನ್ನೂ ಕೋವಿಯನ್ನೂ ತ್ಯಜಿಸಿದನು. ಅಂತಹ ಮನಃಪರಿವರ್ತನೆ ಹಾಕರನಿಗಾಗಲಿಲ್ಲ. ಇಲ್ಲದ್ದನ್ನು ಕಲ್ಪಿಸಿ ಅವನನ್ನು ಸಾಧುವನ್ನಾಗಿ ಮಾಡುವುದು ನ್ಯಾಯವಲ್ಲ.

ಪತ್ನಿ ಜೂಲಿಯಾ ತೀರಿಕೊಂಡ ಬಳಿಕ ಆತ ಮತ್ತೊಂದು ವಿವಾಹ ಮಾಡಿಕೊಂಡನು. ಕೊನೆಯ ವರ್ಷಗಳಲ್ಲಿ ದೇಹ ಜರ್ಜರಿತವಾಯಿತು, ದಿನಚರಿ ಮಾತ್ರ ನಿಲ್ಲಲಿಲ್ಲ. 1853ರ ಆಗಸ್ಟ್ 7ರಂದು, ಅರುವತ್ತೇಳನೆಯ ವಯಸ್ಸಿನಲ್ಲಿ, ಲಂಡನಿನಲ್ಲಿ ಪ್ರಾಣಬಿಟ್ಟನು. ಬೇಸಗೆಯದು, ಕೀಹೇವನಿನ ಕೆಸರಿನಲ್ಲಿ ಆಗ ಬಾತುಗಳಿರುವ ಕಾಲವಲ್ಲ. ನಲವತ್ತು ವರ್ಷಗಳ ತರುವಾಯ, 1893ರಲ್ಲಿ, ಅವನಂತೆಯೇ ದೋಣಿಯ ಕೋವಿಯ ಪ್ರೇಮಿಯಾದ ಸರ್ ರಾಲ್ಫ್ ಪೇನ್ ಗಾಲ್ವೆಯ ಮುನ್ನುಡಿಯೊಡನೆ ಆ ದಿನಚರಿಯು ಎರಡು ಸಂಪುಟಗಳಲ್ಲಿ ಬೆಳಕು ಕಂಡಿತು. ಸೈನಿಕನೂ ಗ್ರಂಥಕರ್ತನೂ ಮರೆತುಹೋಗುವುದರಲ್ಲಿದ್ದಾಗ ದಿನಚರಿಯ ಮನುಷ್ಯನು ಮತ್ತೆ ಎದ್ದು ಕುಳಿತನು.

ಅಮೆರಿಕೆಯಲ್ಲಿ ವಲಸೆಹಕ್ಕಿಗಳ ಮೇಲೆ 10 ಬೋರಿಗಿಂತ ಹಿರಿದಾದ ಕೋವಿಯನ್ನು ಎತ್ತಲು ಕಾನೂನಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯ ಅಡಿಯಲ್ಲಿ ಈಗ ಬಾತುಗಳಿಗೆ ಕೋವಿಯ ಭಯ ಕಾನೂನಿನ ಮಟ್ಟಿಗಾದರೂ ತಪ್ಪಿದೆ. ಬ್ರಿಟನ್ನಿನ 1981ರ ಕಾನೂನು ಒಂದೂಮುಕ್ಕಾಲು ಅಂಗುಲಕ್ಕಿಂತ ಹೆಚ್ಚಿನ ನಳಿಗೆಯನ್ನು ಮಾತ್ರ ನಿಷೇಧಿಸಿತು. ಆ ಅಳತೆಯೊಂದನ್ನೇ ನೋಡಿದರೆ ಹಾಕರನ ಮಹಾಕೋವಿ ಇನ್ನೂ ಅದರೊಳಗೇ ಇದೆ. ಆದರೆ ಅವನು ಬೋರಲು ಮಲಗಿದ ಕೀಹೇವನಿನ ಜವುಗುನೆಲವು ಹಕ್ಕಿಗಳ ರಕ್ಷಿತ ಪ್ರದೇಶವಾಗಿದೆ. ದಂಡೆಯ ಮೇಲೆ ಜನರು ದುರ್ಬೀನು ಹಿಡಿದು ನಿಲ್ಲುತ್ತಾರೆ. ಚಳಿ ಹುಟ್ಟಿತೆಂದರೆ ಸೈಬೀರಿಯದ ಕಡೆಯಿಂದ ಬ್ರೆಂಟ್ ಹೆಬ್ಬಾತುಗಳು ಈಗಲೂ ಆ ಕೆಸರಿಗೆ ಬಂದಿಳಿಯುತ್ತವೆ.